ಕೆಂಬರೆಯ ಹಳ್ಳ ಯಾವ ಕಡೆಗೆ ಹರಿಯುತ್ತದೆ

ಇಂಥ ಅನುಭವಗಳನ್ನು ಯಾರಾದರೂ ಹೇಳುತ್ತಿದ್ದರೆ ನಾನು ನಗದೆ ಕೇಳಿಸಿಕೊಳ್ಳುತ್ತಿದ್ದೆ. ನಾನು ತೋರಿಸಬಹುದಾದ ಮರ್ಯಾದೆ ಅಷ್ಟೇ ಆಗಿತ್ತು. ಹೇಳುವವರು ಸುಳ್ಳರೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಅವರ ನೆನಪಿನ ಮೇಲೆ ನಂಬಿಕೆ ಇರಲಿಲ್ಲ. ಹತ್ತು ಸಲ ಹೇಳಿದ ಕತೆ ಹನ್ನೊಂದನೆಯ ಸಲಕ್ಕೆ ತನ್ನಷ್ಟಕ್ಕೆ ತಾನೇ ಒಂದು ಮುರುಕು ಬಾಗಿಲನ್ನೋ, ನಾಯಿ ಊಳಿಟ್ಟಿದ್ದನ್ನೋ ಸೇರಿಸಿಕೊಂಡಿರುತ್ತದೆ.

ನನ್ನ ನೆನಪನ್ನೂ ನಾನು ನಂಬುವುದಿಲ್ಲ. ಮೊದಲ ಸಲ ಕೆಲಸಕ್ಕೆ ಹೊರಟ ದಿನ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕೊಡೆ ಹಿಡಿದು ನಿಂತು, ಬಸ್ಸು ತಿರುಗುವವರೆಗೂ ನೋಡುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆ ದಿನದ ಡೈರಿಯಲ್ಲಿ ಮಾತ್ರ, ‘ಅಪ್ಪನಿಗೆ ಜ್ವರ, ಎದ್ದಿಲ್ಲ. ಪಕ್ಕದ ಮನೆಯವರು ಬಂದು ಬಸ್ಸು ಹತ್ತಿಸಿದರು’ ಎಂದಿದೆ. ಆ ಕೊಡೆ ಎಲ್ಲಿಂದ ಬಂತೋ ತಿಳಿಯದು. ಇದನ್ನು ಕಂಡುಕೊಂಡ ಮೇಲೆ ನೆನಪು ಒಂದು ಹೇಳಿ ಡೈರಿ ಇನ್ನೊಂದು ಹೇಳಿದರೆ ಡೈರಿಯ ಕಡೆಗೇ ನಿಲ್ಲುತ್ತಾ ಬಂದವಳು ನಾನು. ಈಗ ಹೇಳಹೊರಟಿರುವ ವಿಷಯದಲ್ಲಿ ಆ ಡೈರಿಯೇ ಕೈಕೊಟ್ಟಿತು. ಅದಕ್ಕೇ ಇಷ್ಟು ಪೀಠಿಕೆ.

ಇನ್ನೊಂದು ಮಾತು. ಇಂಥವು ರಾತ್ರಿ ಹೊತ್ತು ನಡೆದರೆ ಹೇಳುವವರಿಗೂ ಕೇಳುವವರಿಗೂ ಅನುಕೂಲ. ನನಗಾದದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ. ಉಪ್ಪಿಟ್ಟು ತಿಂದಾಗಿತ್ತು, ಕಾಫಿ ಕುಡಿದಾಗಿತ್ತು, ಕೈಯಲ್ಲಿ ನಕ್ಷೆ ಇತ್ತು.

ನಾನು ತಿ. ನರಸೀಪುರದ ಒಂದು ಪದವಿ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಮನೆ ನಂಜನಗೂಡು, ದಿನವೂ ಬಸ್ಸಿನಲ್ಲಿ ಓಡಾಟ. ಏಳೆಂಟು ವರ್ಷಗಳ ಹಿಂದೆ ಬೇಚರಾಕ್ ಗ್ರಾಮಗಳ ಬಗ್ಗೆ ಒಂದು ಸಣ್ಣ ಅಧ್ಯಯನಕ್ಕೆ ಕೈ ಹಾಕಿದ್ದೆ. ಕಂದಾಯದ ದಾಖಲೆಯಲ್ಲಿ ಹೆಸರು, ಗಡಿ, ಸರ್ವೆ ನಂಬರು ಎಲ್ಲ ಇದ್ದು ಜನ ಮಾತ್ರ ಇಲ್ಲದ ಊರನ್ನು ಬೇಚರಾಕ್ ಎನ್ನುತ್ತಾರೆ. ಪಾರ್ಸಿಯಿಂದ ಬಂದ ಮಾತು. ಚಿರಾಗ್ ಎಂದರೆ ದೀಪ, ಬೇಚಿರಾಗ್ ಎಂದರೆ ದೀಪವಿಲ್ಲದ್ದು. ನಮ್ಮ ಎರಡು ತಾಲ್ಲೂಕುಗಳಲ್ಲೂ ಇಂಥವು ಇವೆ. ಕಬ್ಬಿನ ಗದ್ದೆಯ ನಡುವೆ ಒಂದು ಮಾರಿಗುಡಿ, ಮುಚ್ಚಿಹೋದ ಒಂದು ಬಾವಿ, ಪಕ್ಕದ ಹಳ್ಳಿಯ ಯಾರದೋ ಪಂಪ್‌ಸೆಟ್ಟು. ಊರೆಂದರೆ ಇಷ್ಟೇ. ಬಯಲಿನ ಬೇಚರಾಕುಗಳನ್ನು ನೋಡಿ ಮುಗಿಸಿದ ಮೇಲೆ ಹೋಲಿಕೆಗೆ ಘಟ್ಟದ ಕಡೆಯದೊಂದು ಬೇಕೆನ್ನಿಸಿತು. ಆರಿಸಿಕೊಂಡದ್ದು ಕೆಂಬರೆ. ಹೆಸರನ್ನು ಬದಲಿಸಿ ಬರೆಯುತ್ತಿದ್ದೇನೆ.

ಕೆಂಬರೆ ಕೊಡಗಿನ ಪಶ್ಚಿಮದ ಅಂಚಿನಲ್ಲಿ, ಕುದುರೆಯ ಜೀನಿನ ಹಾಗೆ ನಡುವೆ ತಗ್ಗಿದ ಒಂದು ಬೆಟ್ಟ; ಊರೆಂಬುದು ದಾಖಲೆಯಲ್ಲಿ ಮಾತ್ರ. ಆ ತಗ್ಗಿನ ಪೂರ್ವಕ್ಕೆ ಬಿದ್ದ ಮಳೆ ಕಾವೇರಿಯನ್ನು ಸೇರಿ, ಸುತ್ತಿ ಬಳಸಿ ಬಂದು ನಮ್ಮ ನರಸೀಪುರದಲ್ಲಿ ಕಪಿಲೆಯನ್ನು ಕೂಡುತ್ತದೆ. ಪಶ್ಚಿಮಕ್ಕೆ ಬಿದ್ದ ಮಳೆ ಘಟ್ಟ ಇಳಿದು ಸಮುದ್ರದ ದಾರಿ ಹಿಡಿಯುತ್ತದೆ. ಎರಡು ಹನಿಗಳ ನಡುವೆ ಒಂದು ಗೇಣಿನ ಅಂತರವಿದ್ದರೂ ಸಾಕು, ಮತ್ತೆ ಅವು ಒಂದನ್ನೊಂದು ಕಾಣುವುದಿಲ್ಲ. ಪಾಠ ಮಾಡುವಾಗ ನನಗೆ ಇಷ್ಟವಾದ ಉದಾಹರಣೆ ಇದು. ತಗ್ಗಿನ ಹತ್ತಿರ ನಕ್ಷೆಯಲ್ಲಿ ಒಂದು ಹಳ್ಳವನ್ನು ನೀಲಿ ತುಂಡುಗೆರೆಯಲ್ಲಿ ತೋರಿಸಿ ಅರ್ಧಕ್ಕೇ ಬಿಟ್ಟಿದ್ದರು. ಅದು ಯಾವ ಕಡೆಗೆ ಹರಿಯುತ್ತದೆಂದು ನಕ್ಷೆ ನೋಡಿ ಹೇಳುವಂತಿರಲಿಲ್ಲ. ಮಿಕ್ಕಿದ್ದೆಲ್ಲ ಹಸಿರು ಬಣ್ಣ. ಜನಸಂಖ್ಯೆಯ ಕಾಲಮ್ಮಿನಲ್ಲಿ ಸೊನ್ನೆ.

ಒಂದು ಮಧ್ಯಾಹ್ನ ವಿಭಾಗದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು, ಸಹೋದ್ಯೋಗಿಯೊಬ್ಬರ ಹತ್ತಿರ ಈ ಊರಿನ ಹೆಸರು ಹೇಳಿ ಮಾತಾಡುತ್ತಿದ್ದೆ. ನೆಲ ಒರೆಸುತ್ತಿದ್ದ ನಿಂಗಮ್ಮ ಕೈ ನಿಲ್ಲಿಸಿದರು. ನಮ್ಮ ಕಾಲೇಜಿನ ಕಸ ಗುಡಿಸುವ ಕೆಲಸ ಅವರದು. ಹೊಳೆಯ ಆಚೆ ದಡದ ಹಳ್ಳಿಯವರು, ಆಗ ಐವತ್ತು ದಾಟಿದ ಹೆಂಗಸು. ದೊಡ್ಡ ಕುಂಕುಮ, ಕೈ ತುಂಬ ಹಸಿರು ಬಳೆ.

“ಕೆಂಬರೆ ಅಂದ್ರಾ ಮೇಡಮ್ನೋರೆ? ನಮ್ ಯಜಮಾನ್ರು ಅಲ್ಲೀಗೇ ಓದೋರು.”

ನಾನು ತಪ್ಪು ತಿಳಿದೆ. “ಅಲ್ಲಿ ಏನು ಓದೋರು ನಿಂಗಮ್ಮ? ಅಲ್ಲಿ ಶಾಲೆಯೇ ಇಲ್ಲವಲ್ಲ” ಎಂದೆ.

ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. “ಓದೋರಲ್ಲ ಮೇಡಮ್ನೋರೆ, ಓದೋರು! ನೀವು ಓದ್ದೋರು, ಅವ್ರು ಓದೋರು. ಓದೋರು ವಾಪಸ್ ಬರ್ನಿಲ್ಲ.”

ಹೋದವರು ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ನಾಚಿಕೆಯಾಯಿತು. ನಾನೂ ಈ ಭಾಷೆಯಲ್ಲೇ ಹುಟ್ಟಿದವಳು. ಸುತ್ತೂರಿನ ಹತ್ತಿರದ ಅಜ್ಜಿ ಮನೆಯಲ್ಲಿ ಆರು ವರ್ಷದವರೆಗೆ ಬೆಳೆದೆ. ನಂಜನಗೂಡಿಗೆ ಬಂದ ಹೊಸದರಲ್ಲಿ ಅಪ್ಪ ನನ್ನನ್ನು ಕೂರಿಸಿಕೊಂಡು ‘ಹ’ಕಾರ ತಿದ್ದುತ್ತಿದ್ದರು. ಒಂದು ದಿನ, “ಎಲ್ಲಿ ಹೋಯ್ತೇ ನಿನ್ನ ಹ?” ಎಂದು ರೇಗಿದರು. “ಓಯ್ತು ಕಣಪ್ಪ” ಎಂದೆನಂತೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಆಮೇಲೆ ನನ್ನ ಬಾಯಿಂದ ‘ಹ’ ತಪ್ಪಿ ಹೋಗಿದ್ದಿಲ್ಲ. ಈಗ ನಿದ್ದೆಗಣ್ಣಿನಲ್ಲಿ ಮಾತಾಡಿದರೂ ಪುಸ್ತಕದ ಕನ್ನಡವೇ ಬರುತ್ತದೆ ಎಂದು ಮನೆಯವರು ಹಾಸ್ಯ ಮಾಡುತ್ತಾರೆ.

ನಿಂಗಮ್ಮ ಹೇಳಿದ್ದು ಇಷ್ಟು. ಮಗ ಮಾದೇಶ ತೊಟ್ಟಿಲಲ್ಲಿದ್ದಾಗ, ಘಟ್ಟದಲ್ಲಿ ಮರ ಕಡಿಯುವ ಕೂಲಿಗೆ ಒಬ್ಬ ಮೇಸ್ತ್ರಿ ಇವರ ಹಳ್ಳಿಯಿಂದ ಗಂಡಸರನ್ನು ಕರೆದುಕೊಂಡು ಹೋಗಿದ್ದ. ಕೆಂಬರೆಯ ತಗ್ಗಿನಲ್ಲಿ ಗುಡಾರ ಹಾಕಿದ್ದರು. ಒಂದು ದಿನ ಮಂಜಿನಲ್ಲಿ ಗಂಡ ಬಿಂದಿಗೆ ಹಿಡಿದು ನೀರಿಗೆಂದು ಹಳ್ಳಕ್ಕೆ ಇಳಿದವರು ಹತ್ತಿ ಬರಲಿಲ್ಲ. ಹುಡುಕಿದರಂತೆ. ಬಿಂದಿಗೆಯೂ ಸಿಗಲಿಲ್ಲ. ಎರಡು ವರ್ಷದ ಮೇಲೆ ಯಾರೋ ಬಂದು, ಮಡಿಕೇರಿ ಸಂತೆಯಲ್ಲಿ ಅವರನ್ನು ಕಂಡೆ, ಜೊತೆಗೆ ಇನ್ನೊಬ್ಬಳಿದ್ದಳು ಎಂದರು. ಸತ್ತರೋ ಬಿಟ್ಟುಹೋದರೋ ತಿಳಿಯದೆ ಮೂವತ್ತು ವರ್ಷ ಕಳೆದಿತ್ತು. ಪಿತೃಪಕ್ಷದಲ್ಲಿ ಹಿರಿಯರ ಹಬ್ಬ ಬರುತ್ತದಲ್ಲ, ಆಗ ಮನೆಯಲ್ಲಿ ತೀರಿಕೊಂಡವರಿಗೆಲ್ಲ ಒಂದೊಂದು ಎಲೆ ಹಾಕಿ ಎಡೆ ಇಡುತ್ತಾರೆ. ಗಂಡನಿಗೆ ಒಂದು ಎಲೆ ಹಾಕೆಂದು ಮೈದುನ ಪ್ರತಿ ವರ್ಷ ಜಗಳ ತೆಗೆಯುತ್ತಿದ್ದ. ಬದುಕಿರುವವರಿಗೆ ಎಡೆ ಇಟ್ಟರೆ ಕೈಯಾರೆ ಕೊಂದ ಹಾಗೆ. ಸತ್ತವರಿಗೆ ಇಡದಿದ್ದರೆ ಹಸಿದು ಬಾಗಿಲಲ್ಲೇ ನಿಂತಿರುತ್ತಾರೆ. ನಿಂಗಮ್ಮ ಎರಡಕ್ಕೂ ಹೆದರಿ, ಎಡೆಯ ದಿನ ತಾವೇ ಉಪವಾಸ ಇರುತ್ತಿದ್ದರು.

“ಒಂದ್ ಕೇಳ್ತೀನಿ ಮೇಡಮ್ನೋರೆ, ನಗಬ್ಯಾಡಿ. ಆ ಅಳ್ಳದ ನೀರು ನಮ್ಮ ಒಳೆಗೆ ಬತ್ತದಾ?”

“ಯಾಕೆ?”

“ಬಂದ್ರೆ, ಅವ್ರು ಸತ್ತಿದ್ರೂವೆ ಆ ನೀರಲ್ಲೇ ಇಲ್ಲೀಗ್ ಬಂದವ್ರೆ ಅಂತ ಆಯ್ತಲ್ಲ. ದಿನಾ ಅದೇ ನೀರು ತಾನೆ ನಾನು ಮಿಂದಿರಾದು. ಧೈರ್ಯವಾಗಿ ಒಂದ್ ಎಲೆ ಆಕ್ಬುಡ್ತೀನಿ. ಬರ್ನಿಲ್ಲ ಅಂದ್ರೆ ಇನ್ನೇನ್ ಮಾಡಾದು, ಇಂಗೇ ಇದ್ಬುಡ್ತೀನಿ.”

ಭೂಗೋಳ ಓದಿದ್ದಕ್ಕೆ ಯಾರೂ ನನ್ನನ್ನು ಇಷ್ಟು ದೊಡ್ಡ ಪ್ರಶ್ನೆ ಕೇಳಿರಲಿಲ್ಲ. ಅದಕ್ಕೆ ಉತ್ತರ ಕೊಡಬೇಕಾದ ಕಡೆಯಲ್ಲೇ ನಕ್ಷೆಯ ಗೆರೆ ನಿಂತುಹೋಗಿತ್ತು. ಹೋಗಿ ನೋಡಿಕೊಂಡು ಬಂದು ಹೇಳುತ್ತೇನೆ ಎಂದೆ. ಮಗನನ್ನೂ ಕರೆದುಕೊಂಡು ಹೋಗಿ ಎಂದರು.

ಮಾದೇಶ ಆಗ ಮೂವತ್ತರ ಆಸುಪಾಸಿನವನು. ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ, ತಾಂಡವಪುರದಲ್ಲಿ ಬಾಡಿಗೆ ಮನೆ, ಹೆಂಡತಿ, ಒಂದು ಹೆಣ್ಣುಮಗು. ಅರಣ್ಯ ಇಲಾಖೆಯ ಅನುಮತಿಗೆ ಅರ್ಜಿ ಬರೆಯುವಾಗ ಅವನೇ ತನ್ನ ಹೆಸರು ತುಂಬಿದ. ಮಾದೇಶ ಬಿನ್ ಎಂದು ಬರೆದು, ಒಂದು ಹೆಬ್ಬೆಟ್ಟಿನಷ್ಟು ಜಾಗ ಬಿಟ್ಟು, ಆಮೇಲೆ ಪುಟ್ಟಸ್ವಾಮಿ ಎಂದು ಬರೆದ. ಜಾಗ ಯಾಕೆ ಎಂದೆ.

“ಲೇಟ್ ಅಂತ ಸೇರ್ಸೋದಾದ್ರೆ ಇರ್ಲಿ ಅಂತ ಮೇಡಂ. ಮಾರ್ಕ್ಸ್ ಕಾರ್ಡಿಂದ ರೂಢಿ.”

ಗಂಡನ ಹೆಸರನ್ನು ನಿಂಗಮ್ಮ ಹೇಳುವವರಲ್ಲ. ಆ ಹೆಸರು ನನಗೆ ತಿಳಿದದ್ದು ಹೀಗೆ.

ದೀಪಾವಳಿ ಮುಗಿದ ವಾರ ಹೋದೆವು. ಕಾಡಿನ ಅಂಚಿನ ಅತಿಥಿಗೃಹದಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಏಳಕ್ಕೆ ಹೊರಟೆವು. ಜೊತೆಗೆ ಇಲಾಖೆಯ ವಾಚರ್ ಕುಶಾಲಪ್ಪ, ಆ ಸೀಮೆಯವರೇ, ಅರವತ್ತರ ಹತ್ತಿರದವರು. ದಾರಿಯುದ್ದಕ್ಕೂ ಅವರಿಗೂ ಮಾದೇಶನಿಗೂ ಭಾಷೆಯದೇ ತಮಾಷೆ. “ಅಲ್ಲಿ ತೋಡು ಉಂಟು, ಮೆಲ್ಲ ಬನ್ನಿ” ಎಂದು ಕುಶಾಲಪ್ಪ ಹೇಳಿದರೆ ಮಾದೇಶ, “ಏನ್ ತೋಡ್ಬೇಕು ಸಾ, ಬಾವಿಯಾ?” ಎನ್ನುವನು. ಅವರು ಹಳ್ಳಕ್ಕೆ ತೋಡು ಎನ್ನುವವರು. ಕುಶಾಲಪ್ಪನೂ ಬಿಡಲಿಲ್ಲ. “ನಿಮ್ಮ ಕಡೆ ಹಕ್ಕಿಗೆ ಅಕ್ಕಿ ಅಂತ ಹೇಳುದಂತಲ್ಲ ಮಾರಾಯ್ರೆ, ಹಾಗಾದ್ರೆ ಅನ್ನ ಮಾಡುದು ಯಾವುದರಲ್ಲಿ?” ಈ ತಮಾಷೆಯನ್ನು ಸುಮ್ಮನೆ ಬರೆಯುತ್ತಿಲ್ಲ. ಮುಂದೆ ಇದು ಬೇಕಾಗುತ್ತದೆ.

ನಾನು ತರಗತಿಯಲ್ಲಿ ಮಳೆಕಾಡನ್ನು ವರ್ಷಕ್ಕೊಮ್ಮೆ ಪಾಠ ಮಾಡಿದವಳು. ಒಳಗೆ ನಡೆದದ್ದು ಅದೇ ಮೊದಲು. ಆಕಾಶ ಇರಲಿಲ್ಲ. ಬೆಳಕು ಎಲೆಗಳಿಂದ ಎಲೆಗಳಿಗೆ ಇಳಿದು, ಕೆಳಗೆ ಬರುವಷ್ಟರಲ್ಲಿ ಮಜ್ಜಿಗೆ ನೀರಿನಂತಾಗಿತ್ತು. ಗೋಡೆಯ ಹಾಗೆ ಎದ್ದ ಬೇರುಗಳ ಮರಗಳು, ಬೆತ್ತದ ಮುಳ್ಳು, ಎದೆಯೆತ್ತರದ ಜರೀಗಿಡ. ಕಾಲಿಟ್ಟಲ್ಲೆಲ್ಲ ಹಳೆಯ ಹಾಸಿಗೆಯ ಹಾಗೆ ಕುಸಿಯುವ ನೆಲ. ಮಂಜು ಮರದಿಂದ ಮರಕ್ಕೆ ನಿಧಾನವಾಗಿ ಹೋಗುತ್ತಿತ್ತು. ಫೋನಿನ ಜಿಪಿಎಸ್ ನಮ್ಮನ್ನು ಒಂದು ಕಡೆ ನಿಲ್ಲಿಸಲಾರದೆ ಅತ್ತಿತ್ತ ಎಳೆದಾಡುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಜೀರುಂಡೆಗಳ ಸದ್ದು. ಅದು ನಿಂತಾಗಲೇ ಅದು ಇತ್ತೆಂದು ಗೊತ್ತಾಗುತ್ತಿತ್ತು. ಹೆದರಿಕೆ ಏನೂ ಆಗಲಿಲ್ಲ. ನಕ್ಷೆಯಲ್ಲಿ ಬೆರಳಿಟ್ಟ ಜಾಗದಲ್ಲಿ ಕಾಲಿಡುವ ಕುತೂಹಲ ಮಾತ್ರ ಇತ್ತು. ಪ್ರತಿ ತಿರುವಿನಲ್ಲೂ ನಿಂತು ಬರೆದುಕೊಳ್ಳುತ್ತಿದ್ದೆ.

ಹತ್ತೂವರೆಯ ಹೊತ್ತಿಗೆ ತಗ್ಗನ್ನು ಮುಟ್ಟಿದೆವು. ಒಂದು ಸಮತಟ್ಟಾದ ಜಾಗದಲ್ಲಿ ಪಾಚಿ ಹಿಡಿದ ಮೂರು ಒಲೆಗಲ್ಲುಗಳು ಇನ್ನೂ ಇದ್ದವು. ಕಲ್ಲಿನ ಒಳಮೈ ಉಜ್ಜಿ ನೋಡಿದರೆ ಕರಿ. ಮಾದೇಶ ಅವುಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಎಡಕ್ಕೆ ಕೆಳಗಿನಿಂದ ನೀರಿನ ಸದ್ದು ಬರುತ್ತಿತ್ತು. ಗುಡಾರದಿಂದ ಎಡಕ್ಕೆ ಇಳಿದ ಹಳ್ಳ ಎಂದೇ ನಿಂಗಮ್ಮ ಹೇಳಿದ್ದರು. ಅವನು ಎದ್ದು, ಮಚ್ಚಿನಿಂದ ಜರೀಗಿಡ ಸವರುತ್ತ ಆ ಕಡೆ ಇಳಿಯತೊಡಗಿದ. ಎಂಟು ಹತ್ತು ಹೆಜ್ಜೆ ಹಿಂದೆ ನಾನು. ಕುಶಾಲಪ್ಪ ಇನ್ನೂ ಹಿಂದೆ, ಒಲೆಗಲ್ಲಿನ ಹತ್ತಿರ ಕುಳಿತು ಕಾಲಿಗೆ ಹತ್ತಿದ ಜಿಗಣೆಗಳಿಗೆ ಸುಣ್ಣ ಹಚ್ಚುತ್ತಿದ್ದರು.

ಆಗ ನನ್ನ ಎಡಗಡೆಯಿಂದ, ಸ್ವಲ್ಪ ಕೆಳಗಿನಿಂದ, ಒಂದು ಮಾತು ಬಂತು.

“ಅಳ್ಳ ಅದ ಕಣ್ಲಾ. ಇಳೀಬ್ಯಾಡ.”

ಕೂಗಿದ ಹಾಗಿರಲಿಲ್ಲ. ದಾರಿ ಬದಿಯಲ್ಲಿ ಕುಳಿತು ಬೀಡಿ ಸೇದುತ್ತಿರುವವನು ಹಾದು ಹೋಗುವವನಿಗೆ ಹೇಳುವ ಹಾಗಿತ್ತು. ಮಾದೇಶ ಎತ್ತಿದ ಕಾಲನ್ನು ಹಾಗೇ ನಿಲ್ಲಿಸಿದ. ನಾನು ಎಡಕ್ಕೆ ನೋಡಿದೆ. ಒಂದು ಮರದ ಬೇರು, ಅದರ ಮೇಲೆ ಕೂತ ನೀರಿನ ಹನಿಗಳು, ಮಂಜು. ಯಾರೂ ಇರಲಿಲ್ಲ. ಮಾದೇಶ ತಿರುಗಿದ. ಎಡಕ್ಕೆ ನೋಡಲಿಲ್ಲ. ನನ್ನನ್ನು ನೋಡಿದ.

ಮುಂದಿನ ಹೆಜ್ಜೆ ಇಡಬೇಕಾದಲ್ಲಿ ಅವನು ಇನ್ನೊಂದು ಕೈಯಲ್ಲಿದ್ದ ಊರುಗೋಲಿನಿಂದ ಜರೀಗಿಡವನ್ನು ಒತ್ತಿದ. ಕೋಲು ಹಿಡಿಯವರೆಗೂ ಇಳಿಯಿತು, ನೆಲ ಸಿಗಲಿಲ್ಲ. ಆ ಮಳೆಗಾಲದಲ್ಲಿ ಬರೆ, ಎಂದರೆ ಬೆಟ್ಟದ ಕಡಿದಾದ ಮಗ್ಗುಲು, ಜರಿದು ದಂಡೆ ಕೊಚ್ಚಿಹೋಗಿತ್ತು. ಗಿಡಗಳು ಮೇಲಿನಿಂದ ಬಾಗಿ ಚಾವಣಿಯಂತೆ ಮುಚ್ಚಿಕೊಂಡಿದ್ದವು. ಒಂದು ಕಲ್ಲು ಎಸೆದ. ಅದು ಬಿದ್ದ ಸದ್ದು ಕೇಳಲು ನಾವಿಬ್ಬರೂ ಕಾದೆವು. ತುಂಬ ಹೊತ್ತಾದ ಮೇಲೆ ಕೇಳಿತು.

ಅವನ ಮುಖ ಬಿಳಿಚಿತ್ತು. ಆದರೂ ನಕ್ಕ. “ಏನ್ ಮೇಡಂ, ನನ್ನ ಲಾ ಅಂದ್ಬುಟ್ರಲ್ಲ!”

“ನಾನು ಹೇಳಿಲ್ಲ ಮಾದೇಶ. ಈ ಕಡೆಯಿಂದ ಯಾರೋ ಹೇಳಿದರು.”

“ಯಾರ್ ಅವ್ರೆ ಮೇಡಂ ಇಲ್ಲಿ? ನೀವೇ ಅಂದ್ರಿ. ನಮ್ಮವ್ವ ಅಂದಂಗೇ ಇತ್ತು. ಅಳ್ಳ ಅದ ಕಣ್ಲಾ ಅಂದ್ರಿ.”

ನಾನು ನನ್ನ ಆಣೆಗೂ ಹೇಳಿಲ್ಲ ಎಂದೆ. ಅವನು ತನ್ನ ಮಗಳ ಆಣೆಗೂ ನಾನೇ ಹೇಳಿದ್ದು ಎಂದ. ಕುಶಾಲಪ್ಪನನ್ನು ಕೇಳಿದೆವು. “ಒಂದು ಸ್ವರ ಕೇಳಿತು. ಹೆಂಗಸರದ್ದೋ ಗಂಡಸರದ್ದೋ ಗೊತ್ತಾಗ್ಲಿಲ್ಲ. ಈ ಹುಳುಗಳ ಗಲಾಟೆ ಉಂಟಲ್ಲ” ಎಂದರು. ಅವರು ಹೇಳಿರಬಹುದೇ ಎಂದು ಅನುಮಾನ ಪಡುವಂತೆಯೂ ಇರಲಿಲ್ಲ. ಅವರಾಗಿದ್ದರೆ ‘ತೋಡು ಉಂಟು’ ಎನ್ನುತ್ತಿದ್ದರು. ಆ ಬೆಟ್ಟದ ಸುತ್ತ ಹಳ್ಳಕ್ಕೆ ‘ಅಳ್ಳ’ ಎನ್ನುವವರು ಯಾರೂ ಇಲ್ಲ. ಅಷ್ಟು ಜಾಗದಲ್ಲಿ ನರಸೀಪುರದ ಮಾತು ಬಲ್ಲ ಬಾಯಿಗಳು ಅವತ್ತು ಎರಡೇ ಇದ್ದವು. ಒಂದು ಮಾದೇಶನದು. ಇನ್ನೊಂದು ನನ್ನದು, ನಲವತ್ತು ವರ್ಷದಿಂದ ಅದನ್ನು ಆಡದೆ ಇದ್ದದ್ದು.

ಬೇರೆ ದಾರಿಯಿಂದ ಬಳಸಿ ಕೆಳಗೆ ಇಳಿದು ಹಳ್ಳವನ್ನು ನೋಡಿದೆವು. ನೀರು ಪಶ್ಚಿಮಕ್ಕೆ ಹರಿಯುತ್ತಿತ್ತು. ಒಂದು ಎಲೆ ಬಿಟ್ಟು ನೋಡಿದೆ. ಅನುಮಾನಕ್ಕೆ ಎಡೆಯಿರಲಿಲ್ಲ. ಅದು ಘಟ್ಟದ ಕೆಳಗಿನ ನೀರು, ನಮ್ಮ ಹೊಳೆಯದಲ್ಲ.

ಅವತ್ತು ಸಂಜೆ ಅತಿಥಿಗೃಹದಲ್ಲಿ ಕುಳಿತು ಡೈರಿ ಬರೆದೆ. ಊರಿಗೆ ಬಂದು ನಾಲ್ಕು ದಿನದ ಮೇಲೆ, ಆ ಮಾತು ನಿಜಕ್ಕೂ ಹೇಗಿತ್ತೆಂದು ಗಟ್ಟಿ ಮಾಡಿಕೊಳ್ಳಲು ಅದನ್ನು ತೆರೆದೆ. ಹೀಗಿತ್ತು: ‘ಹನ್ನೊಂದರ ಸುಮಾರಿಗೆ “ಹಳ್ಳ ಇದೆ, ಇಳಿಯಬೇಡ” ಎಂಬ ಮಾತು ಕೇಳಿ ನಿಂತೆವು. ದಂಡೆ ಕುಸಿದಿತ್ತು. ದೊಡ್ಡ ಅಪಾಯ ತಪ್ಪಿತು.’

ಎರಡು ಸಲ ಓದಿದೆ. ಇಡೀ ಸಂಗತಿ ನಿಂತಿದ್ದದ್ದು ಆ ಮಾತಿನ ಧಾಟಿಯ ಮೇಲೆ. ಆ ಧಾಟಿಯನ್ನೇ ನನ್ನ ಕೈ ಅಭ್ಯಾಸಬಲದಿಂದ ತಿದ್ದಿಬಿಟ್ಟಿತ್ತು. ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದುವ ಹಾಗೆ ‘ಹ’ ಸೇರಿಸಿ, ‘ಲಾ’ ತೆಗೆದು, ವ್ಯಾಕರಣ ಸರಿ ಮಾಡಿತ್ತು. ಯಾರು ಹೇಳಿದರು ಎಂಬುದನ್ನೂ ಬರೆದಿರಲಿಲ್ಲ. ‘ಎಂಬ ಮಾತು ಕೇಳಿ’ ಅಷ್ಟೇ. ಆಡಿದವರಿಲ್ಲದ ವಾಕ್ಯ. ನಾನು ನಂಬಿದ್ದ ಒಂದೇ ಸಾಕ್ಷಿ, ಆ ಡೈರಿ, ಸೊಗಸಾದ ಕನ್ನಡದಲ್ಲಿ ಏನನ್ನೂ ಹೇಳದೆ ನಿಂತಿತ್ತು.

ವಿವರಣೆ ಇಲ್ಲವೆಂದಲ್ಲ. ಮಾದೇಶನ ಮುಂದಿನ ಗಿಡಗಳು ಬಾಗಿರುವ ರೀತಿಯನ್ನು ನನ್ನ ಕಣ್ಣು ನನಗಿಂತ ಮೊದಲು ಗುರುತಿಸಿರಬಹುದು. ಗಾಬರಿಯಲ್ಲಿ ಅಜ್ಜಿ ಮನೆಯ ಮಾತು ಹಾರಿಬಂದಿರಬಹುದು. ಅಜ್ಜಿ ಗಂಡುಹುಡುಗರನ್ನು ‘ಲಾ’ ಎಂದೇ ಕರೆಯುತ್ತಿದ್ದಳು. ನನ್ನ ಬಾಯಿಂದ ಹೊರಟ ಮಾತು ಎದುರಿನ ಬರೆಗೆ ತಗುಲಿ ಎಡದಿಂದ ಕೇಳಿಸಿರಬಹುದು. ಇದಿಷ್ಟನ್ನೂ ನಾನು ಒಪ್ಪುತ್ತೇನೆ. ಒಪ್ಪಿದ ಮೇಲೂ ಒಂದು ಉಳಿಯುತ್ತದೆ. ಮಾತಾಡಿದರೆ ಗಂಟಲಿಗೆ ಗೊತ್ತಾಗುತ್ತದೆ. ನನ್ನ ಗಂಟಲಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂಬುದೂ ಒಂದು ನೆನಪೇ ತಾನೆ ಎಂದು ನೀವು ಕೇಳಬಹುದು.

ನಿಂಗಮ್ಮನಿಗೆ ಏನು ಹೇಳಬೇಕೆಂದು ಒಂದು ವಾರ ತಪ್ಪಿಸಿಕೊಂಡು ಓಡಾಡಿದೆ. ನೀರು ನಮ್ಮ ಕಡೆಗೆ ಬರುತ್ತದೆಂದು ಸುಳ್ಳು ಹೇಳಿಬಿಟ್ಟರೆ ಅವರ ಉಪವಾಸ ತಪ್ಪುತ್ತದೆ. ಅಷ್ಟು ಸಲೀಸು. ಆದರೆ ನಕ್ಷೆಯ ವಿಷಯದಲ್ಲಿ ನನಗೆ ಸುಳ್ಳು ಬರುವುದಿಲ್ಲ. ಕೊನೆಗೆ ಒಂದು ಶನಿವಾರ ಕಾಲೇಜು ಬಿಟ್ಟ ಮೇಲೆ ಅವರನ್ನು ಕೂರಿಸಿಕೊಂಡು, ನಕ್ಷೆ ಹರಡಿ ಹೇಳಿದೆ: ಹಳ್ಳ ಆ ಕಡೆಗೆ ಹೋಗುತ್ತದೆ ನಿಂಗಮ್ಮ, ಸಮುದ್ರಕ್ಕೆ. ನಮ್ಮ ಹೊಳೆಗೆ ಬರುವುದಿಲ್ಲ.

ಅವರು ತುಂಬ ಹೊತ್ತು ನಕ್ಷೆಯನ್ನು ನೋಡಿದರು. ಅವರಿಗೆ ಅದು ಓದಲು ಬರುವುದಿಲ್ಲ. ಆಮೇಲೆ, “ಮಾದೇಶ ಇನ್ನೊಂದ್ ಏಳ್ದ” ಎಂದರು.

“ಏನೆಂದ?”

“ಮಾತ್ ಬಂತಂತೆ. ನೀವಂದ್ರಿ ಅಂತಾನೆ ಅವ್ನು. ನೀವು ಅನ್ನಿಲ್ಲ ಅಂತೀರಂತೆ.”

“ಹೌದು. ನಾನು ಹೇಳಿದ ನೆನಪು ನನಗಿಲ್ಲ.”

“ಏನಂತ ಬಂತು? ನೀವು ಬರೆದಿಟ್ಕೊಳ್ಳೋರಲ್ವಾ, ಒಸಿ ಓದಿ.”

ಡೈರಿ ಚೀಲದಲ್ಲೇ ಇತ್ತು. ಓದಲು ನಾಚಿಕೆಯಾಯಿತು. ಬರೆದದ್ದು ತಪ್ಪಾಗಿದೆ ಎಂದು ಹೇಳಿ, ಕೇಳಿದ್ದನ್ನು ಕೇಳಿದ ಹಾಗೆ ಹೇಳಲು ನೋಡಿದೆ. ನಾಲಗೆ ತಿರುಗಲಿಲ್ಲ. ‘ಹಳ್ಳ ಅದ’ ಎಂದೆ. ಮತ್ತೆ, ‘ಹಳ್ಳ ಅದೆ ಕಣೋ’ ಎಂದೆ. ಮೂರನೆಯ ಸಲವೂ ಆ ‘ಹ’ ನಾನು ಬಿಟ್ಟರೂ ನನ್ನನ್ನು ಬಿಡಲಿಲ್ಲ. ನಿಂಗಮ್ಮ ನನ್ನ ತುಟಿಗಳನ್ನೇ ನೋಡುತ್ತಿದ್ದರು. ನಗಲಿಲ್ಲ.

“ಬುಡಿ ಮೇಡಮ್ನೋರೆ” ಎಂದರು. “ನಿಮಗೆ ಬರಾದಿಲ್ಲ ಅದು. ಅಂಗಾರೆ ನೀವಂದಿಲ್ಲ.”

ಎದ್ದು, ಬಕೆಟ್ಟು ತೆಗೆದುಕೊಂಡು ಬಾಗಿಲವರೆಗೆ ಹೋದರು. ಅಲ್ಲಿ ನಿಂತು ತಿರುಗಿದರು. “ನೀರು ಆ ಕಡೀಕ್ ಓದ್ರೆ ಓಗ್ಲಿ. ಮಾತು ಈ ಕಡೀಕ್ ಬಂತಲ್ಲ.”

ಆಮೇಲೆ ಹತ್ತು ಹನ್ನೊಂದು ತಿಂಗಳು ನಾವು ಆ ವಿಷಯ ಎತ್ತಲಿಲ್ಲ. ನಾನು ಪ್ರಬಂಧ ಬರೆದು ಮುಗಿಸಿದೆ. ಕೆಂಬರೆಯ ಹಳ್ಳವನ್ನು ತುಂಡುಗೆರೆಯ ಬದಲು ಪೂರ್ತಿ ಗೆರೆಯಲ್ಲಿ, ಬಾಣದ ಗುರುತು ಹಾಕಿ ಪಶ್ಚಿಮಕ್ಕೆ ಹರಿಸಿದೆ. ಪಿತೃಪಕ್ಷ ಬಂತು. ಹಬ್ಬದ ಹಿಂದಿನ ದಿನ ನಿಂಗಮ್ಮ ಬಂದು, “ನಾಳೀಕೆ ಮನೇಗ್ ಬರ್ಬೇಕು” ಎಂದರು. ನಾವು ಲಿಂಗ ಕಟ್ಟುವವರು, ಮಾಂಸ ಮುಟ್ಟುವುದಿಲ್ಲ; ಅವರ ಹಬ್ಬದಲ್ಲಿ ಬಾಡು ಇಲ್ಲದೆ ನಡೆಯುವುದಿಲ್ಲ. ನಾನು ಏನಾದರೂ ಹೇಳುವ ಮೊದಲೇ, “ನಿಮ್ ಎಲೆಗೆ ಬಾಡು ಇಕ್ಕಾದಿಲ್ಲ. ಬೇರೆ ಒಲೆ ಮೇಲೆ ಮಾಡಿವ್ನಿ ಅನ್ಕಳಿ” ಎಂದರು.

ಹೋದೆ. ಒಳಕೋಣೆಯಲ್ಲಿ ಕಳಶ, ಹೊಸ ಪಂಚೆ, ಹೊಸ ಸೀರೆ, ಅವುಗಳ ಮುಂದೆ ಸಾಲಾಗಿ ಎಲೆಗಳು. ಅತ್ತೆಗೊಂದು, ಮಾವನಿಗೊಂದು, ಚಿಕ್ಕಂದಿನಲ್ಲೇ ಹೋದ ನಾದಿನಿಗೊಂದು. ಎಣಿಸಿ ನೋಡಿದೆ. ಗಂಡನಿಗೆ ಅಲ್ಲಿ ಎಲೆ ಇರಲಿಲ್ಲ. ಮೈದುನ ಮುಖ ಗಂಟಿಕ್ಕಿಕೊಂಡು ಜಗಲಿಯಲ್ಲಿ ಕುಳಿತಿದ್ದ. ಪೂಜೆ ಮುಗಿದು ನಡುಮನೆಯಲ್ಲಿ ಊಟಕ್ಕೆ ಕುಳಿತಾಗ, ಬದುಕಿರುವವರ ಆ ಸಾಲಿನಲ್ಲಿ ಒಂದು ಎಲೆ ಹೆಚ್ಚಾಗಿತ್ತು. ಅದರ ತುದಿಯಲ್ಲಿ ವೀಳ್ಯದೆಲೆ, ಅಡಿಕೆ, ಒಂದು ಕಟ್ಟು ಬೀಡಿ.

ನಿಂಗಮ್ಮ ನನ್ನ ಕೈ ಹಿಡಿದು ಆ ಎಲೆಯ ಮುಂದೆ ನಿಲ್ಲಿಸಿದರು. ಮೈದುನ ಒಳಗೆ ಬಂದು, “ಏನತ್ಗೆ ಇದು, ಸತ್ತೋರ್ ಎಲೇನಾ, ಇದ್ದೋರ್ ಎಲೇನಾ?” ಎಂದು ಗದರಿದ.

“ಅದು ನಂಗೂ ಗೊತ್ತಿಲ್ಲ ಕಣಪ್ಪ. ಮಾತಾಡ್ದೋರ್ ಎಲೆ” ಎಂದರು ನಿಂಗಮ್ಮ. ಆಮೇಲೆ ನನಗೆ, “ನೀವಂದಿಲ್ಲ ಅಂತ ನಂಗೊತ್ತು. ಆದ್ರೂವೆ ನಿಮ್ ಬಾಯಿಂದ್ಲೇ ತಾನೆ ಇವ್ನ್ ಕೇಳ್ಸ್ಕೊಂಡಿದ್ದು? ಆ ಬಾಯೇ ಉಣ್ಲಿ. ಕುಂತ್ಕಳಿ.”

“ಬೀಡೀನೂ ಸೇದ್ಬೇಕಾಯ್ತದೆ ಮೇಡಂ” ಎಂದ ಮಾದೇಶ ಪಕ್ಕದ ಎಲೆಯಿಂದ. ಅವನ ಹೆಂಡತಿ ಅವನ ತೊಡೆಗೆ ಚಿವುಟಿದಳು. ಎಲ್ಲರೂ ನಕ್ಕರು, ಮೈದುನನೂ ತಡೆಯಲಾರದೆ ನಕ್ಕ.

ಕುಳಿತೆ. ಅನ್ನ, ಹುರುಳಿಕಾಳಿನ ಸಾರು, ವಡೆ, ಕಜ್ಜಾಯ. ನಾನು ಏನನ್ನೂ ನಂಬಿ ಉಣ್ಣುತ್ತಿರಲಿಲ್ಲ, ನಂಬದೆಯೂ ಉಣ್ಣುತ್ತಿರಲಿಲ್ಲ. ಹಸಿವಾಗಿತ್ತು, ಅಡುಗೆ ರುಚಿಯಾಗಿತ್ತು. ಇದಿಷ್ಟನ್ನೂ ಅವತ್ತು ಸಂಜೆಯೇ ಡೈರಿಯಲ್ಲಿ ಬರೆದಿದ್ದೇನೆ, ಅವರಾಡಿದ ಮಾತುಗಳನ್ನು ಅವರಾಡಿದ ಹಾಗೆಯೇ, ಒಂದಕ್ಷರ ತಿದ್ದದೆ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ನಿಂಗಮ್ಮ ಹಬ್ಬದ ದಿನ ಉಪವಾಸವಿರಲಿಲ್ಲ ಎಂಬುದನ್ನೂ ಬರೆದಿದ್ದೇನೆ. ನನಗೆ ಬಡಿಸಿ ಮುಗಿಸಿ, ಆಮೇಲೆ ಕುಳಿತು ಉಂಡರು.

ಅದಕ್ಕೆ ಮೊದಲು, ನನ್ನ ಊಟದ ಕೊನೆಯಲ್ಲಿ, ಅವರು ಅನ್ನದ ಪಾತ್ರೆ ಹಿಡಿದು ನನ್ನ ಎಲೆಯ ಮುಂದೆ ಬಂದು ನಿಂತರು. “ಇನ್ನೊಸಿ ಇಕ್ಕ್ಲಾ?” ಎಂದರು. ಮೇಡಮ್ನೋರೆ ಎಂದು ಸೇರಿಸಲಿಲ್ಲ; ಮನೆಯವರನ್ನು ಕೇಳುವ ಹಾಗಿತ್ತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರೆಂದು ನನಗನ್ನಿಸಿತು. ಸಾಕು ಎಂಬ ಒಂದು ಮಾತು ಸಾಕಿತ್ತು. ಅದು ಯಾವ ದನಿಯಲ್ಲಿ ಬಂದೀತೋ, ಹಿಂದೆಯೇ ಇನ್ನೇನು ಬಂದೀತೋ ಎಂದು ಹೆದರಿ, ಬಾಯಿ ಬಿಗಿದುಕೊಂಡು ಎಲೆಯ ಮೇಲೆ ಕೈ ಅಡ್ಡ ಹಿಡಿದೆ.